ಹಲ್ಲಿಗೆ ಅಂಟಿದ ಮೇಣ

ಮಧ್ಯಾಹ್ನ ಮೂರು ಗಂಟೆಗೆ ಗೋಡೆಯಾಚೆ ಪಂಚಮ ಕೆಟ್ಟಿತು.

ರಹಮತ್ ಬೀ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು. ಆಚೆ ಮತ್ತೆ ತಂತಿ ಮೀಟಿದರು. ಮತ್ತೆ ಜಿರ್ ಎಂದಿತು. ವೀಣೆಯ ಏಳನೇ ಮೆಟ್ಟು ವಾಲಿದೆ ಎಂದು ಅವಳಿಗೆ ನೋಡದೇ ಗೊತ್ತಾಯಿತು. ಒಂದು ವೀಣೆಯದಾದರೆ ಹೋಗಲಿ ಎನ್ನಬಹುದಿತ್ತು. ಸಂಜೆಯೊಳಗೆ ಅಲ್ಲಿದ್ದ ಒಂಬತ್ತು ವೀಣೆಗಳೂ ಹಾಗೇ ಆದವು.

ಅದು ತೊಂಬತ್ನಾಲ್ಕರ ಮೇ ತಿಂಗಳು. ಗಂಜಾಮಿನ ಅವಳ ಮನೆಗೂ ಪಕ್ಕದ ಛತ್ರಕ್ಕೂ ಇದ್ದದ್ದು ಒಂದೇ ಮಣ್ಣಿನ ಗೋಡೆ. ಛತ್ರದಲ್ಲಿ ಮಕ್ಕಳಿಗೆ ಬೇಸಿಗೆ ಸಂಗೀತ ಶಿಬಿರ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಮಕ್ಕಳು ಟ್ರಂಕು ಹೊತ್ತು ಬಂದಿದ್ದರು. ಹೆಣ್ಣುಮಕ್ಕಳಿಗೆ ವೀಣೆ, ಗಂಡುಹುಡುಗರಿಗೆ ಪಿಟೀಲು. ಒಳಗೆ ಜಾಗ ಸಾಲದೆ ಅಂಗಳದಲ್ಲಿ ತಗಡಿನ ಚಪ್ಪರ ಹಾಕಿದ್ದರು. ಬಿಸಿಲಿಗೆ ತಗಡು ಕಾದು, ಅದರ ಕೆಳಗೆ ಕೂತವರಿಗೆ ಒಲೆಯ ಮುಂದೆ ಕೂತ ಹಾಗಾಗುತ್ತಿತ್ತು.

ಹತ್ತು ಹೆಜ್ಜೆ ನಡೆದರೆ ಛತ್ರ. ಆದರೆ ರಹಮತ್ ಬೀ ಹೊಸಿಲು ದಾಟುವಂತಿರಲಿಲ್ಲ. ಗಂಡ ಸರ್ದಾರ್ ಪಾಷಾ ತೀರಿಕೊಂಡು ಎಂಬತ್ತಾರು ದಿನ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಮನೆ ಬಿಟ್ಟು ಹೊರಗೆ ಹೋಗಬಾರದು, ಹೊರಗಿನ ಗಂಡಸರ ಮುಂದೆ ಬರಬಾರದು. ರಂಜಾನ್ ಬಂದು ಹೋಯಿತು. ಹಬ್ಬಕ್ಕೂ ಅವಳು ಹೊಸ ಬಟ್ಟೆ ಉಡಲಿಲ್ಲ. ಮಗಳು ನೂರ್ ಫಾತಿಮಾ ನಲವತ್ತು ದಿನ ಜೊತೆಗಿದ್ದು ನಾಗಮಂಗಲಕ್ಕೆ, ಗಂಡನ ಮನೆಗೆ ಹೋದಳು. ಉಳಿದದ್ದು ಹಿಂದಿನ ಕೋಣೆ, ಹಿತ್ತಿಲು, ಗೋಡೆ. ಮೈದುನ ಮತೀನ್ ಮುಂಭಾಗದಲ್ಲಿದ್ದ. ಆಟೋ ಓಡಿಸುತ್ತಿದ್ದ. ಸಾಮಾನು ತಂದರೆ ಪರದೆಯ ಆಚೆ ಇಟ್ಟು, ಅಲ್ಲಿಂದಲೇ ಮಾತಾಡಿ ಹೋಗುತ್ತಿದ್ದ.

ಪಾಷಾ ವೀಣೆಗೆ ಮೇಳ ಕಟ್ಟುತ್ತಿದ್ದ. ವೀಣೆಯ ಉದ್ದನೆಯ ದಂಡಿಯ ಮೇಲೆ ಕರಿ ಮೇಣ ಮೆತ್ತಿ, ಇಪ್ಪತ್ತನಾಲ್ಕು ಕಂಚಿನ ಮೆಟ್ಟುಗಳನ್ನು ಸ್ವರ ನೋಡಿ ಅದರಲ್ಲಿ ಕೂರಿಸುವ ಕೆಲಸ. ಎಳ್ಳಿನಷ್ಟು ಆಚೀಚೆಯಾದರೂ ಸ್ವರ ಸುಳ್ಳಾಗುತ್ತದೆ. ಮೇಣ ಕಾಯಿಸುವುದು ರಹಮತ್ ಬೀಯ ಪಾಲು. ಜೇನುಮೇಣಕ್ಕೆ ಇದ್ದಿಲ ಪುಡಿ, ಅದು ಗಟ್ಟಿಯಾಗಲು ರಾಳ. ಚಳಿಗೆ ರಾಳ ಕಡಿಮೆ, ಬೇಸಿಗೆಗೆ ಜಾಸ್ತಿ. ತಕ್ಕಡಿ ಇರಲಿಲ್ಲ. ಆರಿದ ಮೇಲೆ ಪಾಷಾ ಕಡಲೆಕಾಳಿನಷ್ಟು ಮೇಣ ಚಿವುಟಿ ಬಾಯಿಗೆ ಹಾಕಿ ಕಚ್ಚುತ್ತಿದ್ದ. ಪುಡಿಯಾದರೆ ರಾಳ ಹೆಚ್ಚು. ಹಲ್ಲಿಗೆ ಅಂಟಿದರೆ ರಾಳ ಸಾಲದು. ಅಂಟಿದರೆ ಉಗಿದು, "ಇನ್ನೊಂದು ಹಿಡಿ ಹಾಕೇ" ಎನ್ನುತ್ತಿದ್ದ.

ಆ ಜನವರಿಯಲ್ಲಿ ಶಿಬಿರದ ಒಂಬತ್ತು ವೀಣೆ ಬಂದವು. ಪಾಷಾಗೆ ಆಗಲೇ ಕೆಮ್ಮು, ಕೈನಡುಕ. ಅವನು ಗೋಡೆಗೆ ಒರಗಿ ಕೂತು ಕಿವಿಗೊಟ್ಟು ಕೇಳುತ್ತಿದ್ದ. "ಮೇಲೆ. ಇನ್ನೂ ಚೂರು. ಹ್ಞೂ, ಅಲ್ಲೇ." ಮೆಟ್ಟು ಒತ್ತಿ ಕೂರಿಸಿದ್ದು ರಹಮತ್ ಬೀಯ ಬೆರಳು. ಮೂರನೇ ವೀಣೆಯ ಹೊತ್ತಿಗೆ ಅವನು ಹೇಳುವುದೂ ನಿಂತಿತು. ಅವಳೇ ಮೀಟಿದಳು, ಅವಳೇ ಕೇಳಿದಳು, ಅವಳೇ ಕೂರಿಸಿದಳು. ಅವನು ಕಣ್ಣು ಮುಚ್ಚಿಕೊಂಡು ತಲೆ ಆಡಿಸುತ್ತಿದ್ದ.

ರಾಳ ಮುಗಿಯುತ್ತ ಬಂದಿತ್ತು. ತರಬೇಕಾದರೆ ಮೈಸೂರಿಗೆ ಹೋಗಬೇಕು. ಅವನನ್ನು ಬಿಟ್ಟು ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಇದ್ದಷ್ಟನ್ನೇ ಹಾಕಿ ಕಾಯಿಸಿದಳು.

"ನನ್ ಹಲ್ಲಲ್ಲಿ ಶಕ್ತಿ ಇಲ್ಲ ಕಣೆ. ನೀನೇ ಕಚ್ಚಿ ನೋಡು" ಎಂದ.

ಕಚ್ಚಿದಳು. ಅಂಟಿತು.

"ಸರಿ ಐತೆ" ಎಂದಳು.

ಆಮೇಲೆ ಹದಿನೈದು ದಿನಕ್ಕೆ ಅವನು ಹೋದ.

ಮಾರನೆಯ ದಿನ ಬೆಳಿಗ್ಗೆ ಗೋಡೆಯಾಚೆ ಜಗಳ ಕೇಳಿಸಿತು.

"ನಿಮ್ ವೀಣೆ ಏನು, ಸೊಳ್ಳೆ ಸಾಕಿದ್ದೀರಾ ಒಳಗೆ?" ಎಂದ ಒಬ್ಬ ಪಿಟೀಲಿನ ಹುಡುಗ.

"ಓಗ್ಲಾ. ನಿಮ್ ಪಿಟೀಲು ಬಾಗ್ಲು ಕಿರ್ರ್ ಅಂದಂಗೆ ಅಂತದೆ. ಎಣ್ಣೆ ಬುಟ್ಕೊಂಡು ಬಾ ಓಗು!" ಎಂದಳು ವೀಣೆಯ ಹುಡುಗಿಯೊಬ್ಬಳು.

ಹುಡುಗರು ನಕ್ಕರು. ಆಮೇಲೆ ದೊಡ್ಡವರ ದನಿ. ವೀಣೆಯ ಮೇಡಂ ಮಂಗಳಮ್ಮ.

"ಈ ಹುಡುಗಿಯರಿಗೆ ಕೋಪ ಬರದೇ ಇರತ್ತಾ? ಒಂಬತ್ತೂ ಹೋಗಿವೆ. ಕಡೇ ದಿನ ಕಚೇರಿಗೆ ಇನ್ನು ಹನ್ನೆರಡೇ ದಿನ. ಪಾಪ, ಪಾಷಾ ಸಾಹೇಬರ ಕೈ ಕೊನೇಗೆ ಸೋತಿತ್ತು ಅಂತ ಕಾಣತ್ತೆ. ಮೈಸೂರಿಂದ ಆಳು ಕರೆಸಿ ಎಲ್ಲಾ ಕೆರೆಸಿ ಹೊಸದಾಗಿ ಕಟ್ಟಿಸಬೇಕು."

ರಹಮತ್ ಬೀ ಗೋಡೆ ಹಿಡಿದು ಕೂತಳು. ಮೂವತ್ತು ವರ್ಷ ಕೆಲಸ ಮಾಡಿದವನ ಹೆಸರಿನ ಜೊತೆ ಇನ್ನು ಇದೊಂದೇ ಮಾತು ಉಳಿಯುತ್ತದೆ. ಕೈ ಸೋತಿತ್ತು.

ಮತೀನ್ ಊಟಕ್ಕೆ ಬಂದಾಗ ಪರದೆಯ ಈಚೆಯಿಂದ ಕರೆದಳು.

"ನೀನು ಹೋಗಿ ಹೇಳು ಮತೀನ್. ಅವರ ಕೈ ಸೋತಿರ್ಲಿಲ್ಲ. ಮೇಣ ಕೆಟ್ಟಿತ್ತು. ಕೆಡಿಸ್ದೋಳು ನಾನು."

ಮತೀನ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ.

"ಮೇಣ ನಿಮ್ದು ಅಂದ್ರೆ, ಮೆಟ್ಟು ಕೂರ್ಸಿದ್ದು ಯಾರು ಅಂತಾರೆ ಭಾಬಿ. ಆಗ ಏನ್ ಹೇಳ್ತೀರಿ?"

"ನಿಜ ಹೇಳ್ತೀನಿ."

"ಹೇಳಿ. ಪಾಷಾ ಹೆಂಡ್ತಿ ಕೈಲಿ ಕೆಲ್ಸ ಮಾಡ್ಸಿ ತನ್ನ ಹೆಸ್ರು ಹೇಳ್ಕೊಂಡ ಅಂತಾರೆ. ಯಾವ್ದು ವಾಸಿ? ಕೈ ಎಲ್ರುದೂ ಸೋಲ್ತದೆ. ಅದಕ್ಕೆ ಯಾರೂ ನಗಾಕಿಲ್ಲ. ಇದಕ್ಕೆ ನಗ್ತಾರೆ."

ಅವನು ಕೆಟ್ಟವನಲ್ಲ. ಮಾತು ಸರಿಯಾಗಿಯೇ ಇತ್ತು. ಅದೇ ಸಂಕಟ. ಬಾಯಿ ಬಿಟ್ಟರೂ ಗಂಡನ ಹೆಸರು ಹೋಗುತ್ತದೆ, ಮುಚ್ಚಿಕೊಂಡರೂ ಹೋಗುತ್ತದೆ. ಇರುವ ಮನೆಯಿಂದ ಹೊರಗೆ ಹೋಗಲು ಇನ್ನು ನಲವತ್ತು ಚಿಲ್ಲರೆ ದಿನ. ಈ ಇಕ್ಕಟ್ಟಿನಿಂದ ಹೊರಗೆ ಹೋಗಲು ದಿನ ಎಣಿಸುವ ಹಾಗೂ ಇರಲಿಲ್ಲ.

ಮೂರನೇ ದಿನ ಮಂಗಳಮ್ಮನೇ ಬಂದಳು. ಹೆಂಗಸರು ಒಳಗೆ ಬರಲು ಅಡ್ಡಿಯಿಲ್ಲ. ಜೊತೆಗೆ ಪಾಂಡವಪುರದ ಹುಡುಗಿ ಶ್ವೇತ, ಹದಿಮೂರು ಹದಿನಾಲ್ಕು ವರ್ಷದವಳು. ಮಂಗಳಮ್ಮ ಚಾಪೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಗೋಡೆ ಪಕ್ಕದಲ್ಲೇ ಇದ್ದು ಇಷ್ಟು ದಿನ ಬರಲಿಲ್ಲ. ತಪ್ಪಾಯ್ತಮ್ಮ."

"ಏನ್ ತಪ್ಪು. ಕೂತ್ಕೊಳಿ."

"ಸಾಹೇಬರ ಮೆಟ್ಟು ಕಾಯಿಸೋ ಕಬ್ಬಿಣ ಇದ್ರೆ ನಾಲ್ಕು ದಿನಕ್ಕೆ ಕೊಡ್ತೀಯಾ? ಮೈಸೂರಿನವನು ಬರಿಗೈಲಿ ಬರ್ತಾನಂತೆ."

ರಹಮತ್ ಬೀ ಎದ್ದು ಕಬ್ಬಿಣ ತಂದಳು. ಕೊಡದೆ ಕೈಯಲ್ಲೇ ಹಿಡಿದುಕೊಂಡಳು.

"ಒಂದು ವೀಣೆ ತಗೊಂಬಾ ಮಗಾ."

ಶ್ವೇತ ಓಡಿಹೋಗಿ ತನ್ನದನ್ನೇ ತಂದಳು. "ನೋಡಿ, ಮುಟ್ಟಿದ್ರೆ ಅಲ್ಲಾಡ್ತದೆ. ಆ ಪಿಟೀಲವ್ರು ಆಡ್ಕೊಂಡು ಸಾಯ್ತಾವ್ರೆ" ಎಂದಳು. ಬಗ್ಗಿ ನೋಡುತ್ತ, "ಮಿಸ್, ಇಲ್ಲಿ ಮೇಣದ ಮೇಲೆ ಯಾರ್ದೋ ಹೆಬ್ಬೆಟ್ಟಿನ ಗುರ್ತೈತೆ. ನಡುವೆ ಕುಯ್ದಂಗೆ ಗೀಟು" ಎಂದಳು.

ಮಂಗಳಮ್ಮ ಕನ್ನಡಕ ಏರಿಸಿ ನೋಡಿದಳು. "ಸಾಹೇಬರದು ಕಣೇ. ಪಾಪ, ಎಷ್ಟು ಒತ್ತಿದ್ದಾರೋ."

ರಹಮತ್ ಬೀಯ ಬಲಗೈ ಹೆಬ್ಬೆರಳಿನಲ್ಲಿ ಈಳಿಗೆಮಣೆ ಕುಯ್ದ ಹಳೇ ಗಾಯ ಇತ್ತು. ಆ ಕೈಯನ್ನು ಅವಳು ದುಪಟ್ಟಾದ ಒಳಗೆ ಎಳೆದುಕೊಂಡಳು. ಎಡಗೈಯಿಂದ ದಂಡಿಯ ಮೇಣ ಚೂರು ಕಿತ್ತು ಬಾಯಿಗೆ ಹಾಕಿ ಕಚ್ಚಿದಳು.

ಅಂಟಿತು.

"ಅವರ ಕೈ ಸೋತಿರ್ಲಿಲ್ಲ ಮೇಡಂ. ಕೂರ್ಸಿದ್ದು ಅವರು, ಸರಿಯಾಗೇ ಕೂರ್ಸಿದ್ರು. ಮೇಣ ಕಾಯ್ಸಿದ್ದು ನಾನು. ರಾಳ ಸಾಲದು ಅಂತ ಗೊತ್ತಿತ್ತು. ಸರಿ ಐತೆ ಅಂತ ಸುಳ್ಳು ಹೇಳ್ದೆ. ಅವರು ನಂಬುದ್ರು."

ಮಂಗಳಮ್ಮ ಅವಳನ್ನೇ ನೋಡಿದಳು. "ಅಯ್ಯೋ, ಹೌದೇನಮ್ಮ? ನಾನು ಏನೇನೋ ಅಂದ್ಬಿಟ್ಟೆ ಅವರನ್ನ. ಎಲ್ಲರಿಗೂ ಹೇಳ್ತೀನಿ ಬಿಡು, ಅವರ ತಪ್ಪಲ್ಲ ಅಂತ." ಆಮೇಲೆ ಕೇಳಿದಳು, "ಅಷ್ಟು ವರ್ಷ ಜೊತೆಗಿದ್ದೆ. ಮೆಟ್ಟು ಕೂರಿಸೋಕೂ ಬರತ್ತಾ ನಿನಗೆ? ಬಂದ್ರೆ ಮೈಸೂರಿನವನು ಯಾಕೆ? ವೀಣೆಗಳನ್ನ ಇಲ್ಲಿಗೇ ತರಿಸ್ತೀನಿ. ನೀನು ಎಲ್ಲೂ ಬರೋದು ಬೇಡ."

ಗೋಡೆಗೆ ಒರಗಿ ಕೂತಲ್ಲೇ ಒಂಬತ್ತು ವೀಣೆ. ಮತ್ತೆ ಕಬ್ಬಿಣ ಕಾಯಿಸುವುದು, ಮೀಟುವುದು, ಕೇಳುವುದು. ಆದರೆ ಮೆಟ್ಟು ಒತ್ತಿದರೆ ಅದೇ ಹೆಬ್ಬೆಟ್ಟಿನ ಗುರುತು ಬೀಳುತ್ತದೆ. ಈ ಹುಡುಗಿಯ ಕಣ್ಣು ಚುರುಕು.

"ಇಲ್ಲ ಮೇಡಂ. ಮೇಣ ಒಂದೇ ಬರೋದು ನನಗೆ" ಎಂದಳು. ಕಬ್ಬಿಣ ಕೊಟ್ಟುಬಿಟ್ಟಳು.

ಮೇಣವನ್ನಾದರೂ ಅವಳೇ ಕಾಯಿಸಲಿ ಎಂದಾಯಿತು. ಮತೀನ್ ಏನೂ ಕೇಳದೆ ಆಟೋದಲ್ಲಿ ಮೈಸೂರಿಗೆ ಹೋಗಿ ರಾಳ ತಂದು ಪರದೆಯ ಕೆಳಗೆ ತಳ್ಳಿದ. ಅವಳು ಹಿತ್ತಿಲಲ್ಲಿ ಒಲೆ ಹಚ್ಚಿದಳು. ಮೂರು ಸಲ ಕಚ್ಚಿ ನೋಡಿದಳು. ಮೂರನೇ ಸಲ ಅಂಟಲೂ ಇಲ್ಲ, ಪುಡಿಯಾಗಲೂ ಇಲ್ಲ.

ಮೈಸೂರಿನವನು ಶುಕ್ರವಾರ ಬಂದ. ಹಳೇ ಮೇಣ ಕೆರೆಯುವ ಸದ್ದು ಎರಡು ದಿನ ಗೋಡೆಯಾಚೆಯಿಂದ ಬರುತ್ತಲೇ ಇತ್ತು. ಅವಳು ಅಕ್ಕಿ ಆರಿಸಿದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು.

ಸೋಮವಾರ ಮಧ್ಯಾಹ್ನ, ತಗಡು ಚೆನ್ನಾಗಿ ಕಾದ ಹೊತ್ತಿನಲ್ಲಿ, ಒಂಬತ್ತೂ ವೀಣೆ ಒಟ್ಟಿಗೆ ನುಡಿದವು. ಒಂದೂ ಜಿರ್ ಎನ್ನಲಿಲ್ಲ. ಮೇಣ ಕಲ್ಲಿನ ಹಾಗೆ ನಿಂತಿತ್ತು. ಪಿಟೀಲಿನ ಹುಡುಗರೂ ಸುಮ್ಮನಾದರು. ಮಂಗಳಮ್ಮ, "ಭೇಷ್" ಎಂದದ್ದು ಈಚೆಗೂ ಕೇಳಿಸಿತು.

ಆದರೆ ಏಳನೇ ಮೆಟ್ಟನ್ನು ಮೈಸೂರಿನವನು ಎಳ್ಳಿನಷ್ಟು ಮೇಲೆ ಕೂರಿಸಿದ್ದ. ಮಕ್ಕಳಿಗೆ ಗೊತ್ತಾಗುವುದಿಲ್ಲ. ಮಂಗಳಮ್ಮನಿಗೂ ಗೊತ್ತಾಗಿರಲಿಲ್ಲ. ರಹಮತ್ ಬೀ ಮಣ್ಣಿನ ಗೋಡೆಗೆ ಹೆಬ್ಬೆರಳು ಒತ್ತಿ, ಚೂರು ಕೆಳಕ್ಕೆ ಜಾರಿಸಿದಳು. ಬೆರಳಿಗೆ ಮಣ್ಣು ಹತ್ತಿತು.

ಪರದೆಯಾಚೆ ಮತೀನ್ ಬಂದು ನಿಂತಿದ್ದ.

"ಸರಿ ಬಂತಾ ಭಾಬಿ?"

"ಸರಿ ಐತೆ" ಎಂದಳು.