ನನ್ನ ಕೈಗುಣದಿಂದ ಎದ್ದ ನಾಯಿ

ನನ್ನ ಎರಡೂ ಅಂಗೈಗಳಿಂದ ಶಕ್ತಿ ಹರಿಯುತ್ತದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಬಹಳ ಹಿಂದಿನದೇನಲ್ಲ, ಹೋದ ಬೇಸಿಗೆಯದು. ಮೊಬೈಲಿನಲ್ಲಿ ಭಾನುವಾರದ ತರಗತಿಗಳಿಗೆ ಸೇರಿ ಪ್ರಾಣಶಕ್ತಿ ಚಿಕಿತ್ಸೆ ಕಲಿತಿದ್ದೆ. ಕೊನೆಗೆ ನನ್ನ ಫೋಟೊ ಇರುವ ಸರ್ಟಿಫಿಕೇಟು ಬಂತು. ಅದಕ್ಕೆ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದೆ; ಮದುವೆಯ ಫೋಟೊ ಪಕ್ಕಕ್ಕೆ ಸರಿಯಿತು. ಆಮೇಲೆ ತಲೆನೋವಿರುವವರನ್ನು ಹುಡುಕಿಕೊಂಡು ಮಧುಗಿರಿಯ ನಮ್ಮ ಬೀದಿಯಲ್ಲಿ ಓಡಾಡತೊಡಗಿದೆ. ನಾನು ಬರುವುದನ್ನು ಕಂಡ ಕೂಡಲೇ ಜನರ ತಲೆನೋವು ತಾನಾಗಿ ನಿಂತುಹೋಗುತ್ತಿತ್ತು. ಅದೂ ನನ್ನ ಶಕ್ತಿಯೇ ಎಂದುಕೊಂಡೆ.

ಓಡಿಹೋಗಲಾಗದ ರೋಗಿಯಾಗಿ ನನಗೆ ಮೊದಲು ಸಿಕ್ಕಿದ್ದು ನಮ್ಮ ಮನೆಯ ನಾಯಿ. ನಮ್ಮ ಯಜಮಾನರ ಹುಣಸೆಹಣ್ಣಿನ ಮಂಡಿಯ ಮುಂದೆ ಅದು ಮಲಗಿತ್ತು. ಹತ್ತಿರದ ಪುರವರ ಹಳ್ಳಿಯಿಂದ ಮೂಟೆ ತಂದ ಟೆಂಪೊ ಹಿಂದಕ್ಕೆ ಬಂದು ಅದರ ಹಿಂಗಾಲ ಮೇಲೆ ಹತ್ತಿತು. ನಾನೂ ಅತ್ತೆಯೂ ಅದನ್ನು ಹಳೆಯ ಜಮಖಾನದಲ್ಲಿ ಸುತ್ತಿ ಆಟೊದಲ್ಲಿ ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಕಾಲಿಗೆ ಪ್ಲಾಸ್ಟರ್ ಹಾಕಿದರು.

"ಮೂಳೆ ಕೂಡ್ಕೊಳ್ಳುತ್ತೆ. ಆದ್ರೆ ರಕ್ತ ಬಹಳ ಹೋಗಿದೆ. ದಿನಾ ಬೇಯಿಸಿದ ಮೊಟ್ಟೆ ಕೊಡಿ. ಹೊಟ್ಟೆಗೆ ಸರಿಯಾಗಿ ಬೀಳದಿದ್ರೆ ಉಳಿಯೋದು ಕಷ್ಟ" ಎಂದರು.

ನಾನು ಅತ್ತೆಯ ಮುಖ ನೋಡಿದೆ. ಎಪ್ಪತ್ತು ದಾಟಿದ ಅವರು ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವರು. ಬೇಕರಿಯ ಕೇಕನ್ನೂ ಅನುಮಾನದಿಂದ ನೋಡುವವರು. ನಮ್ಮಂಥ ಎಷ್ಟೋ ಮನೆಗಳಲ್ಲಿ ಸೊಸೆಯಂದಿರು ಮಕ್ಕಳಿಗೆಂದು ಕದ್ದು ಮೊಟ್ಟೆ ಬೇಯಿಸಿ, ಅತ್ತೆ ಬರುವುದರೊಳಗೆ ಊದಿನಕಡ್ಡಿ ಹಚ್ಚುತ್ತಾರೆ. ನಾನು ಅಷ್ಟು ಧೈರ್ಯದವಳಲ್ಲ.

"ಮೊಟ್ಟೆ ನಮ್ಮನೇಲಿ ನಡೆಯಲ್ಲ ಸಾರ್. ಆದ್ರೆ ನಂಗೆ ಹೀಲಿಂಗ್ ಬರುತ್ತೆ" ಎಂದೆ.

ಡಾಕ್ಟರು ನನ್ನನ್ನೊಮ್ಮೆ, ನಾಯಿಯನ್ನೊಮ್ಮೆ ನೋಡಿದರು. ಅವರ ಕನಿಕರವೆಲ್ಲ ನಾಯಿಯ ಕಡೆಗಿತ್ತು.

ಹಿತ್ತಿಲ ಬಾಗಿಲ ಬಳಿಯ ಕೋಣೆಯಲ್ಲಿ ನನ್ನ ಆಸ್ಪತ್ರೆ ಶುರುವಾಯಿತು. ಕಾಲಿನ ಮೇಲೆ, ಮುಟ್ಟದಂತೆ, ಅಂಗೈ ಹಿಡಿದು ಕಣ್ಣು ಮುಚ್ಚಬೇಕು. ಕೆಟ್ಟ ಶಕ್ತಿಯನ್ನು ಬಾಚಿ ಪಕ್ಕದ ಉಪ್ಪುನೀರಿನ ಬಟ್ಟಲಿಗೆ ಕೊಡವಬೇಕು. ದಿನಕ್ಕೆ ಎಷ್ಟು ಉಪ್ಪು ಖರ್ಚಾಗುತ್ತಿತ್ತೆಂದರೆ, ಒಂದು ದಿನ ಸಾರು ಸಪ್ಪೆಯಾಗಿ ಯಜಮಾನರು ತಟ್ಟೆ ಬಿಟ್ಟೆದ್ದರು. ಮೊದಲ ದಿನ ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ದೃಷ್ಟಿ ತೆಗೀತಿದ್ದೀಯೇನಮ್ಮ? ಒಣಮೆಣಸಿನಕಾಯಿ ತಂದ್ಕೊಡ್ಲಾ?"

"ಇದು ದೃಷ್ಟಿ ಅಲ್ಲ ಅತ್ತೆ, ವಿಜ್ಞಾನ" ಎಂದೆ. ನೆನಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ವಿಜ್ಞಾನದಿಂದ ನಾಯಿಗೆ ಏನೂ ಆಗಲಿಲ್ಲ. ಮೊಸರನ್ನ ಇಟ್ಟರೆ ಮೂಸಿ ಮುಖ ತಿರುಗಿಸಿತು. ಪಕ್ಕೆಲುಬು ಎದ್ದು ಕಂಡವು. ಕರೆದರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ನಾನು ಇನ್ನೂ ಹೆಚ್ಚು ಹೊತ್ತು ಅಂಗೈ ಹಿಡಿದೆ. ಕಣ್ಣು ಮುಚ್ಚಿದರೆ ನೀರು ಬರುತ್ತಿತ್ತು. ಶಕ್ತಿ ಹರಿಯುವಾಗ ಹಾಗಾಗುತ್ತದೆ ಎಂದು ಅತ್ತೆಗೆ ಹೇಳಿದೆ. ನಿಜವೆಂದರೆ ಅದು ಸತ್ತೇಹೋಗುತ್ತದೆಂದು ನನಗೆ ಭಯವಾಗಿತ್ತು.

ಆಗ ಅತ್ತೆಯೇ ಒಂದು ಸಲಹೆ ಕೊಟ್ಟರು. "ಶಕ್ತಿ ಬುಟ್ಟಾದ್ಮೇಲೆ ಅದ್ರ ಪಕ್ಕದಲ್ಲೇ ಕೂತ್ಕಬ್ಯಾಡ ಕಣಮ್ಮ. ಒಳಕ್ಕೋಗಿ ಮಲಗು. ನಾನಿಲ್ಲೇ ಇರ್ತೀನಿ."

ತರಗತಿಯಲ್ಲೂ ಹಾಗೇ ಹೇಳಿದ್ದರು, ಚಿಕಿತ್ಸೆಯ ನಂತರ ರೋಗಿಯನ್ನು ಅವರ ಪಾಡಿಗೆ ಬಿಡಬೇಕು ಎಂದು. ಅತ್ತೆಗೂ ವಿಷಯ ಹಿಡಿಯುತ್ತಿದೆ ಎಂದು ಖುಷಿಯಾಯಿತು. ಊಟವಾದ ಮೇಲೆ ಶಕ್ತಿ ಹರಿಸಿ ಒಳಗೆ ಹೋಗಿ ನಿದ್ದೆ ಹೊಡೆಯುವುದು ರೂಢಿಯಾಯಿತು.

ಸ್ವಲ್ಪ ದಿನಕ್ಕೇ ನಾಯಿಯ ಕಣ್ಣಿಗೆ ಕಳೆ ಬಂತು. ನಾನು ಅಂಗೈ ಕೆಳಗಿಳಿಸಿದ ಕೂಡಲೇ ಬಾಲ ಆಡಿಸತೊಡಗಿತು. ಇದಕ್ಕಿಂತ ಪುರಾವೆ ಬೇಕೆ? ಬಾಲ ಆಡಿಸುವಾಗ ಅದು ನನ್ನನ್ನು ನೋಡದೆ ಹಿತ್ತಿಲ ಬಾಗಿಲನ್ನೇ ನೋಡುತ್ತಿತ್ತು. ಮನುಷ್ಯರಿಗೆ ಕಾಣದ್ದು ಪ್ರಾಣಿಗಳಿಗೆ ಕಾಣುತ್ತದೆ, ಶಕ್ತಿ ಬರುವ ದಾರಿ ನೋಡುತ್ತಿದೆ ಎಂದುಕೊಂಡೆ. ಅದೇ ದಿನಗಳಲ್ಲಿ ಅತ್ತೆ ಮಧ್ಯಾಹ್ನವೂ ಒಂದು ಸ್ನಾನ ಮಾಡತೊಡಗಿದ್ದರು. ಸೆಕೆಗೆ ಎಂದುಕೊಂಡೆ.

ಸುದ್ದಿ ವಾಟ್ಸಾಪಿನಲ್ಲಿ ನೆಂಟರಿಗೆಲ್ಲ ಹೋಯಿತು, ಕಳಿಸಿದವಳು ನಾನೇ. ಪಾವಗಡದ ನಾದಿನಿ ವಿಡಿಯೊ ಕಾಲ್ ಮಾಡಿದಳು. "ವದಿನಾ, ನಮ್ ಎಮ್ಮೆಕರು ಕುಂಟ್ತಾ ಐತೆ. ಒಸಿ ಚೂಡಂಡಿ" ಎಂದಳು. ಗಾಬರಿಯಾದರೆ ಅವಳ ಬಾಯಿಗೆ ತೆಲುಗು ನುಗ್ಗಿ, ಅತ್ತಿಗೆ ‘ವದಿನಾ’ ಆಗುತ್ತಾಳೆ, ‘ನೋಡಿ’ ಎಂಬುದು ‘ಚೂಡಂಡಿ’ ಆಗುತ್ತದೆ. ನಾನು ಗಂಭೀರವಾಗಿ ಮೊಬೈಲಿಗೆ ಅಂಗೈ ತೋರಿಸಿದೆ. ಕರು ಆ ಕಡೆಯಿಂದ ಅವಳ ಮೊಬೈಲನ್ನು ನೆಕ್ಕಿತು, ಕಾಲ್ ಕಟ್ಟಾಯಿತು. ಹಿಂದಿನ ಮನೆಯ, ಕೋಳಿ ಸಾಕಿರುವ ಹೆಂಗಸಿಗೂ ಕಾಂಪೌಂಡಿನ ಮೇಲಿಂದ ನನ್ನ ಸಾಧನೆ ವಿವರಿಸಿದೆ.

"ನಿಮ್ ಕೈಲಿ ಏನೋ ಐತೆ ಬುಡಕ್ಕ" ಎಂದು ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಭಕ್ತಿ ಎಂದುಕೊಂಡೆ.

ಒಂದು ಮಧ್ಯಾಹ್ನ ಮೊಬೈಲನ್ನು ನಾಯಿಯ ಪಕ್ಕದಲ್ಲೇ ಮರೆತು ಬಂದಿದ್ದೆ. ತರಲು ವಾಪಸು ಹೋದೆ. ಅತ್ತೆ ಹೊಸಲಿನ ಬಳಿ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಸ್ಟೀಲ್ ಡಬ್ಬಿ, ಕಾಗದದ ಮೇಲೆ ಮೊಟ್ಟೆಯ ಸಿಪ್ಪೆ. ಬಲಗೈ ನಾಯಿಯ ತಲೆ ಸವರುತ್ತಿತ್ತು. ಎಡ ಅಂಗೈಯಲ್ಲಿ ಮುರಿದ ಮೊಟ್ಟೆ. ನಾಯಿ ಅದನ್ನು ನೆಕ್ಕಿ ನೆಕ್ಕಿ ತಿನ್ನುತ್ತಿತ್ತು. ದಿನಾ ಬೆಳಿಗ್ಗೆ ಲಿಂಗ ಕೂರುವ ಅಂಗೈ ಅದು.

ಅತ್ತೆ ತಲೆ ಎತ್ತಿದರು. ಕದ್ದು ಸಿಕ್ಕಿಬಿದ್ದ ಸೊಸೆಯ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ.

"ನೋಡ್ಬುಟ್ಟೆಯಾ" ಎಂದರು. "ಹಿಂದಿನ ಮನೆಯವಳು ಬೇಯಿಸಿ ಗೋಡೆ ಮ್ಯಾಲಿಂದ ಕೊಡ್ತಾಳೆ. ತಟ್ಟೇಲಿ ಇಟ್ರೆ ಮುಟ್ಲಿಲ್ಲ ಕಣಮ್ಮ. ಕೈಲಿ ಹಿಡಿದ್ರೆ ತಿಂತು. ಇನ್ನೇನು ಮಾಡ್ಲಿ?"

"ನಿಮ್ಮ ಮುಖ ನೋಡಿಯೇ ಅಲ್ವಾ ಅತ್ತೆ, ನಾನು ಡಾಕ್ಟ್ರಿಗೆ ಬೇಡ ಅಂದಿದ್ದು?"

"ನನ್ನ ಮುಖ ನೋಡ್ದೆ. ಒಂದು ಮಾತು ಕೇಳ್ದಾ?"

ಮದುವೆಯಾಗಿ ಬಂದಾಗಿನಿಂದ ಅವರ ಮುಖ ನೋಡಿಯೇ ಬೇಕು ಬೇಡ ತೀರ್ಮಾನಿಸಿದವಳು ನಾನು. ಒಮ್ಮೆಯೂ ಬಾಯಿ ಬಿಟ್ಟು ಕೇಳಿರಲಿಲ್ಲ.

"ಹೋಗ್ಲಿ, ನನಗಾದ್ರೂ ಹೇಳ್ಬಹುದಿತ್ತಲ್ಲ" ಎಂದೆ.

"ಹೆಂಗೆ ಹೇಳ್ಲಿ? ಕಣ್ಣಲ್ಲಿ ನೀರು ಹಾಕ್ಕೊಂಡು, ಅಷ್ಟು ಆಸೆಯಿಂದ ಕೈ ಹಿಡ್ಕೊಂಡು ಕೂತಿರ್ತಿದ್ದೆ. ನಿನ್ನ ಮನಸ್ಸು ಮುರಿಯೋದಾ?" ಎಂದು ಅಂಗೈಯನ್ನು ಮೂಸಿ ಮುಖ ಸಿಂಡರಿಸಿದರು. "ಈ ವಾಸನೆ ಮಾತ್ರ ಸೀಗೆಪುಡಿ ಹಾಕಿ ತಿಕ್ಕಿದ್ರೂ ಹೋಗಕಿಲ್ಲ."

ಎರಡನೇ ಸ್ನಾನದ ಅರ್ಥ ಆಗ ಆಯಿತು. ನನಗೆ ನಗು ಬಂತು, ಜೊತೆಗೇ ಅಳುವೂ ಬಂತು. ಡಬ್ಬಿಯಲ್ಲಿ ಇನ್ನೊಂದು ಮೊಟ್ಟೆ ಉಳಿದಿತ್ತು. ಅವರ ಪಕ್ಕದಲ್ಲಿ ಕೂತು, ಜೀವನದಲ್ಲಿ ಮೊದಲ ಸಲ ಮೊಟ್ಟೆ ಸುಲಿದೆ. ಅರ್ಧ ಮೊಟ್ಟೆ ಸಿಪ್ಪೆಗೇ ಅಂಟಿಕೊಂಡು ಹೋಯಿತು. ಅತ್ತೆ "ಸರ್ಟಿಫಿಕೇಟು ತಗೊಂಡೋಳು ನೀನು" ಎಂದು ನಕ್ಕರು. ಸರ್ಟಿಫಿಕೇಟು ಅದೇ ಸಂಜೆ ಅಟ್ಟಕ್ಕೆ ಹೋಯಿತು.

ಪ್ಲಾಸ್ಟರ್ ಬಿಚ್ಚಿದ ದಿನ ನಾಯಿ ಸ್ವಲ್ಪ ಓರೆಯಾಗಿ, ಆದರೆ ನಾಲ್ಕೂ ಕಾಲ ಮೇಲೆ ನಡೆದು ಮನೆಗೆ ಬಂತು. ಇದನ್ನು ಬರೆಯುತ್ತೇನೆ ಎಂದು ಮೊನ್ನೆ ಹೇಳಿದಾಗ ಅತ್ತೆ, "ಬರಿ, ಹೆಸರು ಮಾತ್ರ ಹಾಕ್ಬ್ಯಾಡ" ಎಂದರು. ಆದರೆ ನಾಯಿ ನಡೆದು ಬಂದ ಆ ದಿನ ಗುಟ್ಟು ಗುಟ್ಟಾಗಿಯೇ ಇತ್ತು. ಯಜಮಾನರು ಮಂಡಿಯಿಂದ ಬಂದು, ಎದುರಿಗೆ ಓಡಿಬಂದ ನಾಯಿಯನ್ನು ಕಂಡು ನಿಂತುಬಿಟ್ಟರು.

"ನಿನ್ನ ಶಕ್ತಿ ಸುಳ್ಳು ಅಂತಿದ್ದೆ ಕಣೆ. ತಪ್ಪಾಯ್ತು" ಎಂದರು.

ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಎಡಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು.

"ಹೂಂ ಕಣಪ್ಪ" ಎಂದರು ಮಗನಿಗೆ. "ಎಲ್ಲಾ ಅವಳ ಕೈಗುಣ."