ಬಾಗಿಲ ಕಡೆ ಮುಖ

ಇವತ್ತು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತ ನೀರಿಗೆ ಒಂದು ಜೇನುಹುಳ ಬಂದಿತ್ತು. ನಂಜನಗೂಡಿನ ಬಿಸಿಲು ನಿಮಗೆ ಗೊತ್ತಲ್ಲ; ತಿಂಡಿಯ ಹೊತ್ತಿಗೇ ಕಲ್ಲು ಕಾದು, ನೀರು ಅಂಚಿನಿಂದ ಒಣಗುತ್ತಾ ಬರುತ್ತದೆ. ಆ ಅಂಚಿನಲ್ಲೇ ಕಾಲೂರಿ, ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಅದು ಕುಡಿಯಿತು. ಕುಡಿದದ್ದೇ ಎದ್ದು, ಪಕ್ಕದ ಮನೆಯ ನೀರಿನ ಟ್ಯಾಂಕ್ ದಾಟಿ ಕಪಿಲೆಯ ಕಡೆಗೆ ನೆಟ್ಟಗೆ ಹೋಯಿತು. ದಾರಿಗಾಗಿ ಒಂದು ಗಳಿಗೆಯೂ ತಡವರಿಸಲಿಲ್ಲ. ನಾನು ಮಾತ್ರ ಮಗಳ ಅರಿಶಿನ ಹತ್ತಿದ ಸೀರೆಯನ್ನು ಬಕೆಟ್ಟಿನಲ್ಲೇ ಮರೆತು ಆ ಟ್ಯಾಂಕನ್ನು ನೋಡುತ್ತಾ ಕೂತೆ. ಮಗಳು ಮದುವೆಯಾಗಿ ಬನ್ನೂರಿಗೆ ಹೋಗಿ ಎರಡು ದಿನವಾಗಿದೆ. ಅರಿಶಿನ ಹೇಗೂ ಒಂದೇ ಒಗೆತಕ್ಕೆ ಹೋಗುವುದಲ್ಲ, ಬಿಡಿ.

ಸೋಸಲೆಯ ನನ್ನ ತವರಿನಲ್ಲಿ ಅಪ್ಪನ ಜೇನುಪೆಟ್ಟಿಗೆ ಇತ್ತು. ಮನೆಯ ಪಕ್ಕದ ಹೊಂಗೆಮರದ ನೆರಳಿನಲ್ಲಿ ನಾಲ್ಕು ಕಾಲಿನ ಒಂದು ಸ್ಟ್ಯಾಂಡು, ಇರುವೆ ಹತ್ತದ ಹಾಗೆ ಕಾಲುಗಳ ಕೆಳಗೆ ನೀರು ತುಂಬಿದ ತೆಂಗಿನ ಚಿಪ್ಪು. ಪೆಟ್ಟಿಗೆಯ ಬಾಗಿಲು ಅಂದರೆ ಬುಡದಲ್ಲಿ ಬೆರಳು ತೂರದಷ್ಟು ಸಣ್ಣ ಸೀಳು, ಅದರ ಮುಂದೆ ಅಂಗೈಯಗಲದ ಹಲಗೆ. ಅಪ್ಪ ಗದ್ದೆಯಿಂದ ಬಂದವರೇ ಕಾಫಿ ಲೋಟ ಹಿಡಿದು, ಆ ಸೀಳು ಕಾಣುವ ಹಾಗೆ ಜಗಲಿಯ ತುದಿಗೆ ಕೂರುತ್ತಿದ್ದರು.

ಅವ್ವನಿಗೆ ಇದು ಸಹಿಸಲಾಗುತ್ತಿರಲಿಲ್ಲ. "ನಮ್ಮನೇಗೆ ಯಾರ್ ಬಂದ್ರು ಯಾರ್ ಓದ್ರು ಅಂತ ಕೇಳುದ್ರೆ ಗೊತ್ತಿಲ್ಲ. ಆ ಉಳದ್ ಮನೇಗೆ ಮಾತ್ರ ವಾಚ್‌ಮನ್ನು!"

"ಅವು ತುಪ್ಪಾನಾದ್ರೂ ಕೊಡ್ತಾವೆ ಕಣೆ. ನೀನೇನ್ ಕೊಟ್ಟೆ?"

"ಮೂರೊತ್ತೂ ಇಟ್ಟು ಆಕ್ತಿಲ್ವಾ?"

ಅಪ್ಪ ಕಾಫಿ ಲೋಟ ಬಾಯಿಗೆ ಎತ್ತುತ್ತಿದ್ದರು. ನಾನು ಅವರ ಪಕ್ಕ ಕೂರುತ್ತಿದ್ದೆ. ಹೊರಡುವ ಹುಳಗಳು ಹಲಗೆಯ ತುದಿಗೆ ಬಂದು ಒಮ್ಮೆ ಮುಖ ಒರೆಸಿಕೊಂಡು, ಬಸ್ಸಿಗೆ ಹೊತ್ತಾದವರಂತೆ ಹಾರಿಬಿಡುತ್ತಿದ್ದವು. ಬರುವವುಗಳದೇ ಚೆಂದ. ಕಾಲಿಗೆ ಹೂವಿನ ಪುಡಿಯ ಹಳದಿ ಉಂಡೆ ಕಟ್ಟಿಕೊಂಡು, ಭಾರಕ್ಕೆ ಹಲಗೆ ತಪ್ಪಿ ಕೆಳಗಿನ ಹುಲ್ಲಿಗೆ ಬಿದ್ದು, ಉಸಿರು ತೆಗೆದುಕೊಂಡು ಮತ್ತೆ ಏಳುತ್ತಿದ್ದವು. ಬಾಗಿಲಲ್ಲಿ ಕಾವಲಿನ ಹುಳಗಳು ಒಂದೊಂದನ್ನೂ ಮೂಸಿ ಒಳಗೆ ಬಿಡುವಾಗ, ನರಸೀಪುರದ ನಮ್ಮ ಕಾನ್ವೆಂಟಿನ ಗೇಟಿನಲ್ಲಿ ಉಗುರು, ರಿಬ್ಬನ್ನು, ಶೂ ನೋಡಿ ಒಳಗೆ ಬಿಡುತ್ತಿದ್ದ ಸಿಸ್ಟರ್ ನೆನಪಾಗುತ್ತಿದ್ದರು. ಅದೇ ಸಿಸ್ಟರಿಗಾಗಿ ನಾನು ಜೇನಿನ ಮೇಲೆ ಪ್ರಬಂಧ ಬರೆದಿದ್ದೆ. ಜೇನು ಒಂದು ಕ್ಷಣವೂ ಸೋಮಾರಿಯಾಗಿ ಕೂರುವುದಿಲ್ಲ ಎಂದು ಅಪ್ಪನಿಗೆ ಓದಿ ಹೇಳಿದರೆ ಅವರು ನಕ್ಕು, ಸೆಕೆಗೆ ಪೆಟ್ಟಿಗೆಯ ಹೊರಗೆ ಗುಂಪಾಗಿ ಜೋತುಬಿದ್ದಿದ್ದ ಹುಳಗಳನ್ನು ತೋರಿಸಿದರು. "ಇವ್ಯಾವು ಮತ್ತೆ? ನಮ್ಮೂರ್ ಅರಳೀಕಟ್ಟೇವಾ?" ನಾನು ಪ್ರಬಂಧ ತಿದ್ದಲಿಲ್ಲ. ಸಿಸ್ಟರ್ ಹೇಳಿದ್ದನ್ನು ತಿದ್ದುವ ಪೈಕಿ ನಾನಲ್ಲ, ಅಂದೂ ಇಂದೂ.

ಒಂದು ಮಧ್ಯಾಹ್ನ ಮಾತ್ರ ಹೆದರಿಬಿಟ್ಟೆ. ಹುಳಗಳು ದಂಡುದಂಡಾಗಿ ಪೆಟ್ಟಿಗೆಯಿಂದ ಹೊರಬರುತ್ತಿದ್ದವು. ದೂರ ಹೋಗದೆ ಪೆಟ್ಟಿಗೆಯ ಎದುರಿಗೇ ಗಾಳಿಯಲ್ಲಿ ಎಡಕ್ಕೆ ಬಲಕ್ಕೆ ತೂಗುತ್ತಿದ್ದವು.

"ಅಪ್ಪಾ, ಬನ್ನಿ! ಎಲ್ಲಾ ಓಡಿಹೋಗ್ತಿವೆ!"

ಅಪ್ಪ ಪಂಚೆ ಎತ್ತಿಕಟ್ಟಿ ಬಂದು, ನೋಡಿ, ನನ್ನ ತಲೆಗೆ ಮೆಲ್ಲಗೆ ಮೊಟಕಿದರು. "ಓಡೋಗೋವು ಬೆನ್ನು ತೋರುಸ್ತಾವೆ ಕಣವ್ವ. ಇವು ಯಾವ ಕಡೆ ಮುಖ ಮಾಡವೆ ನೋಡು."

ನೋಡಿದೆ. ಎಲ್ಲವೂ ಬಾಗಿಲ ಕಡೆಗೇ ಮುಖ ಮಾಡಿಕೊಂಡು ಹಿಂದಕ್ಕೆ ಹಿಂದಕ್ಕೆ ಹಾರುತ್ತಿದ್ದವು.

"ಎಳೇವು. ಇನ್ನೂ ಊರು ಕಂಡಿಲ್ಲ. ಆಚೆ ಓಗೋಕ್ ಮುಂಚೆ ಮನೆ ಬಾಗ್ಲು ಗುರುತ್ ಮಾಡ್ಕತಾವೆ. ಮರ, ಗೋಡೆ, ಎಲ್ಲಾನೂವೆ."

ನನ್ನ ಮದುವೆ ಆ ಮನೆಯ ಮುಂದಿನ ಚಪ್ಪರದಲ್ಲೇ ಆಯಿತು. ಸಂಜೆ ನನ್ನನ್ನು ನಂಜನಗೂಡಿಗೆ ಕಳಿಸಿಕೊಡುವಾಗ ಮಡಿಲಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ. ತೋಳು ಹಿಡಿದವರು ಅಪ್ಪನ ಅಕ್ಕ, ನನ್ನ ಸೋದರತ್ತೆ. ಹೊಸಿಲು ದಾಟುತ್ತಿದ್ದಂತೆ ಅತ್ತೆ ಕಿವಿಯಲ್ಲಿ ಅಂದರು: "ಇಂದಕ್ ತಿರುಗಿ ನೋಡ್ಬ್ಯಾಡ ಕಣವ್ವ. ನೋಡ್ಬಾರ್ದು."

ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಅದು ಕೇಳಿಸಿತು. "ಒಂದ್ ಸಲ ನೋಡ್ಕಳ್ಳಿ ಬುಡಕ್ಕ."

"ಅದ್ಯಾಕಪ್ಪ? ಇವ್ಳೇನ್ ನಿನ್ ಜೇನುಳಾನಾ, ಬಾಗ್ಲು ಗುರುತ್ ಮಾಡ್ಕಂಡು ಸಂಜೀಗೆ ವಾಪಸ್ ಬರಕ್ಕೆ?"

ಎಲ್ಲರೂ ನಕ್ಕರು. ನನಗೂ ನಗು ಬಂತು. ಲೈನಿನಲ್ಲಿ ಹೋಗುವಾಗ ಹಿಂದೆ ತಿರುಗಬಾರದೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಅತ್ತೆ ಹೇಳಿದಂತೆಯೇ ನೆಟ್ಟಗೆ ಹೋಗಿ ಕಾರಿನಲ್ಲಿ ಕೂತೆ.

ಆಮೇಲೆ ಎಷ್ಟೋ ಗೌರಿಹಬ್ಬಗಳಿಗೆ ಸೋಸಲೆಗೆ ಹೋದೆ, ಬಾಗಿನ ಪಡೆದು ಬಂದೆ. ಅಪ್ಪ ಜಗಲಿಯಲ್ಲಿ ಪಕ್ಕ ಕೂರಿಸಿಕೊಂಡರು, ಮೊದಲಿಲ್ಲದ ಉಪಚಾರ ಮಾಡಿದರು. ಅವರು ತೀರಿಹೋದ ಮಳೆಗಾಲದಲ್ಲಿ ಜೇನೂ ಪೆಟ್ಟಿಗೆ ಬಿಟ್ಟು ಹೋಯಿತು. ಅಣ್ಣ ಹಳೆಯ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ. ತಪ್ಪೇನಿಲ್ಲ, ಹೆಂಚು ಸೋರುತ್ತಿತ್ತು. ಆ ಮನೆಯ ಎಲ್ಲವೂ ನನ್ನ ಹತ್ತಿರ ಹೇಗೋ ಉಳಿದಿದೆ, ಜಗಲಿಯ ತಣುವು, ಹೊಂಗೆ ಹೂವಿನ ಒಗರು ವಾಸನೆ. ನಾನು ಹೊರಟ ಆ ಸಂಜೆ ಬಾಗಿಲಲ್ಲಿ ನಿಂತ ಅಪ್ಪ ಮಾತ್ರ ಇಲ್ಲ. ಅತ್ತಿದ್ದರೋ, ನಗುತ್ತಲೇ ಇದ್ದರೋ? ಇದೇ ಮಗಳ ಮದುವೆಗೆ ಕರೆಯಲು ಹೋದಾಗ ಅಣ್ಣನನ್ನು ಕೇಳಿದೆ, ಆವತ್ತು ಅಪ್ಪ ಹೇಗೆ ನಿಂತಿದ್ದರು ಎಂದು. "ನಂಗೇನ್ ಗೊತ್ತು ಕಣೆ? ನಾನು ಕಾರಿಗೆ ನಿನ್ ಟ್ರಂಕ್ ತುಂಬ್ತಿದ್ದೆ" ಅಂದ.

ಅದಕ್ಕೇ ಇರಬೇಕು, ಮದುವೆ ಛತ್ರದಲ್ಲಾದರೂ ಹೆಣ್ಣು ಕಳಿಸುವ ಶಾಸ್ತ್ರ ಮನೆ ಬಾಗಿಲಲ್ಲೇ ಆಗಬೇಕೆಂದು ಹಟ ಹಿಡಿದೆ. ಒಮ್ಮೆ ನಿಂತು ನೋಡಿಕೊಂಡು ಹೋಗು ಎಂದು ಮಗಳಿಗೆ ಹೇಳಬೇಕೆಂದಿದ್ದೆ. ಆ ಹೊತ್ತಿಗೆ ಮಡಿಲಕ್ಕಿ ಚೆಲ್ಲದಂತೆ ಅವಳ ಸೆರಗು ಸರಿಮಾಡುತ್ತಾ ಇದ್ದುಬಿಟ್ಟೆ. ನನ್ನ ನಾದಿನಿ ಅವಳ ತೋಳು ಹಿಡಿದು, "ಹಿಂದೆ ತಿರುಗ್ಬೇಡ ಕಣಮ್ಮ" ಅನ್ನುತ್ತಾ ನಡೆಸಿಕೊಂಡು ಹೊರಟಳು. ಮಗಳ ಬೆನ್ನು ಕಂಡಿತು. ಜಡೆಯ ಮಲ್ಲಿಗೆ ದಂಡೆ ಒಂದು ಕಡೆ ಜಾರಿತ್ತು. ರವಿಕೆಯ ಲಾಡಿಯನ್ನು ಬೆಳಿಗ್ಗೆ ನಾನೇ ಕಟ್ಟಿದ್ದು. ಬಾಗಿಲಲ್ಲಿ ನಿಂತವರಿಗೆ ಹೋಗುವವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ನಾನು ಮನೆಯನ್ನು ಒಮ್ಮೆ ತಿರುಗಿ ನೋಡಲಿ ಎಂದು ಅಪ್ಪ ಆವತ್ತು ಅತ್ತೆಯನ್ನು ಕೇಳಿಕೊಂಡರೆಂದೇ ಇಷ್ಟು ವರ್ಷ ತಿಳಿದಿದ್ದೆ. ನನ್ನ ಮುಖ ಬೇಕಾಗಿತ್ತು ಅವರಿಗೆ.

"ಪುಟ್ಟೀ!"

ಬೀದಿಯೇ ತಿರುಗಿ ನೋಡುವಂತೆ ಕೂಗಿದ್ದೆ. ಮಗಳು ಗಕ್ಕನೆ ನಿಂತು ತಿರುಗಿದಳು. ಕಾಡಿಗೆ ಕೆನ್ನೆಯವರೆಗೆ ಇಳಿದಿತ್ತು.

"ಏನಮ್ಮಾ?"

"ಚಾರ್ಜರ್ ಇಟ್ಕೊಂಡ್ಯಾ?"

ಅವಳು ಅಳುತ್ತಿದ್ದವಳು ನಕ್ಕೇಬಿಟ್ಟಳು. "ಇಟ್ಕೊಂಡಿದ್ದೀನಮ್ಮಾ!"

"ಏನ್ ಅತ್ತಿಗೆ ನೀವು," ಅಂದಳು ನಾದಿನಿ, "ಚಾರ್ಜರಿಗೆ ಯಾರಾದ್ರೂ ಹಿಂಗೆ ಕೂಗ್ತಾರಾ?"

"ಮರೀತಾಳೆ ಕಣೇ ಅವಳು" ಅಂದೆ. ಕಣ್ಣು ಮಾತ್ರ ಮಗಳ ಮುಖದ ಮೇಲಿಂದ ತೆಗೆಯಲಿಲ್ಲ.

ಕಲ್ಲಿನ ಮೇಲಿನ ನೀರು ಈಗ ಪೂರ್ತಿ ಒಣಗಿದೆ. ಸೀರೆ ಹಿಂಡಿ, ಬಣ್ಣ ಹೋಗದಿರಲೆಂದು ನೆರಳಿನಲ್ಲಿ ಹರವಿದ್ದೇನೆ. ಇನ್ನು ಅಣ್ಣನನ್ನು ಆ ಪ್ರಶ್ನೆ ಕೇಳಿ ಕಾಡುವುದಿಲ್ಲ. ಅಪ್ಪ ಹೇಗೆ ನಿಂತಿದ್ದಿರಬೇಕೆಂದು ನನಗೇ ಗೊತ್ತು: ಚೌಕಟ್ಟಿಗೆ ಒಂದು ಕೈ ಕೊಟ್ಟು, ಕಾರು ತಿರುವಿನಲ್ಲಿ ಮರೆಯಾದ ಮೇಲೂ, ಒಳಗೆ ಹೋಗಲು ಏನಾದರೊಂದು ಕೆಲಸ ನೆನಪಾಗಲಿ ಎಂದು ಕಾಯುತ್ತಾ.