ಕುಂಭಾರಿ ರಸ್ತೆಯ ವಾಯರ್‌ಮನ್

ಮೊನ್ನೆ ಬೆಳಿಗ್ಗೆ ಮಗಳು ತನ್ನ ಸ್ಕೂಟರಿನ ಹಳದಿಗಟ್ಟಿದ ದೀಪಕ್ಕೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಿದ್ದಳು. ಅಂಗಳದ ತುಂಬ ಪುದೀನದ ವಾಸನೆ. ಕುಂಭಾರಿಯ ಆ ತಗಡಿನ ಶೆಡ್ಡು ನೆನಪಾಯಿತು. ನನ್ನ ಹಳೆಯ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಇದೇ ಕೆಲಸ ಮಾಡುತ್ತಿದ್ದ ವಾಯರ್‌ಮನ್ ನೆನಪಾದ…

ನಾನಾಗ ವಾಗದರಿಯ ಕನ್ನಡ ಶಾಲೆಯಲ್ಲಿ ಮಾಸ್ತರ. ಮನೆ ಸೊಲ್ಲಾಪುರದಲ್ಲಿ. ಅಕ್ಕಲಕೋಟ ದಾಟಿ ದಿನಾ ಹೋಗಿಬರುವುದು ಆ ಕಾರಿನಲ್ಲೇ. ಒಂದು ಚಳಿಗಾಲ, ಸಂಜೆ ಮರಳುವಾಗ ಹೆಡ್‌ಲೈಟು ಮಂಕಾಗಿದೆ ಅನ್ನಿಸತೊಡಗಿತು. ದಾರಿಯಲ್ಲಿ ಸಿಗುವ ಕುಂಭಾರಿಯಲ್ಲಿ, ಗಾಡಿಗಳ ಲೈಟು, ವಾಯರಿಂಗ್ ರಿಪೇರಿ ಮಾಡುವ ಆ ವಾಯರ್‌ಮನ್ನನ ಶೆಡ್ಡಿನ ಮುಂದೆ ನಿಲ್ಲಿಸಿದೆ.

ಕುರಿ ಸಾಕುವ ಮನೆತನದವನು ಆತ. ಹಣೆಯ ಮೇಲೆ ಸದಾ ಕುಲದೇವರು ಬೀರೋಬನ ಭಂಡಾರ, ಅರಿಶಿನದ ಪುಡಿ. ಮಾತು ಕಡಿಮೆ. ಬ್ಯಾಟರಿಯ ತುದಿಗೆ ಕಟ್ಟಿದ್ದ ಬಿಳಿ ಉಪ್ಪನ್ನು ಬಿಸಿನೀರು ಹಾಕಿ ತೊಳೆದ. ಅರ್ಥ್ ವೈರಿನ ಬುಡದ ತುಕ್ಕನ್ನು ಮರಳುಕಾಗದದಿಂದ ಹೊಳೆಯುವಂತೆ ಕೆರೆದ. ವಾರದೊಳಗೆ ಮತ್ತೆ ಹೋದೆ. ಹೊಸ ಬಲ್ಬು ಹಾಕಿ, ಗಾಜು ಉಜ್ಜಿಕೊಟ್ಟ. ಮೂರನೇ ಸಲ ಹೋದಾಗ ಕಾರನ್ನು ಕತ್ತಲೆಯ ಶೆಡ್ಡಿನೊಳಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ದೀಪ ಹಚ್ಚಿಸಿ, ನನ್ನ ಪಕ್ಕ ಬಂದು ಕೂತ.

“ಗ್ವಾಡಿ ಮ್ಯಾಲ ಬೆಳಕ ಹೆಂಗ ಕಾಣಾಕತ್ತೈತ್ರಿ?”

ಮಸುಕು ಹಳದಿ, ಎಂದೆ. ಆತ ಗೋಡೆ ನೋಡಿದ. ಆಮೇಲೆ ನನ್ನನ್ನೇ ನೋಡಿದ. ಹೊರಗೆ ಕರೆತಂದು, ಬಿಸಿಲಲ್ಲಿ ನಿಂತಿದ್ದ ಎಸ್.ಟಿ. ಬಸ್ಸು ತೋರಿಸಿ, “ಆ ಪಾಟಿ ಓದ್ರಿ ಸರ್” ಎಂದ. ಬೋರ್ಡಿನ ಅಕ್ಷರಗಳು ಒಂದರೊಳಗೊಂದು ಕಲಸಿಹೋಗಿದ್ದವು.

“ಲೈಟ್ ಬರೋಬರ್ ಅದಾವ್ರಿ. ಕರೆಂಟ್ ಪೂರಾ ಬರಾಕತ್ತೈತಿ. ನೀವು ಕಣ್ಣ ತೋರಿಸ್ಕೋರಿ.”

ರಸ್ತೆಯಲ್ಲಿ ನಾಲ್ಕು ಜನ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. “ನಿನಗ ಕೆಲಸ ಬರೂದಿಲ್ಲಂದ್ರ ಬರೂದಿಲ್ಲ ಅನ್ನು. ನನ್ನ ಕಣ್ಣಿನ ಮ್ಯಾಲ ಯಾಕ ಹಾಕ್ತಿ?” ಎಂದುಬಿಟ್ಟೆ. ಆತ ಕೈ ಒರೆಸಿಕೊಳ್ಳುತ್ತ, “ಹೊತ್ತು ಮುಳುಗೂದ್ರಾಗ ಮನಿ ಮುಟ್ರಿ” ಎಂದಷ್ಟೇ ಹೇಳಿದ.

ಹತ್ತು ದಿನ ಕಳೆದಿರಲಿಕ್ಕಿಲ್ಲ. ಅಕ್ಕಲಕೋಟ ದಾಟಿ ಬರುವಾಗ, ಮುಸ್ಸಂಜೆಯಲ್ಲಿ, ಬಾನೆಟ್ಟಿನ ಮೇಲೆ ಯಾರದೋ ಕೋಲು ದಪ್ಪೆಂದು ಬಡಿಯಿತು. ಬ್ರೇಕು ಒತ್ತಿದೆ. ಮುಂದೆ ಕುರಿ ಹಿಂಡು, ಗಾಲಿಯ ಕೆಳಗೊಂದು ಮರಿ. ಕುರಿಗಾರ ಒಂದು ಮೊಳದ ಅಂತರದಲ್ಲಿ ಪಾರಾಗಿದ್ದ. ಸತ್ತ ಮರಿಯನ್ನು ಎತ್ತಿಕೊಂಡು ಅವನು ಕೇಳಿದ: “ಇಷ್ಟ ಬೆಳಕ ಐತಿ… ಕಾಣಂಗಿಲ್ಲೇನ್ರಿ?”

ಮರುದಿನವೇ ಸೊಲ್ಲಾಪುರದ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿತ್ತು. ಎಡಗಣ್ಣು ಉಳಿಯಲಿಲ್ಲ. ಬಲಗಣ್ಣು, ಬೇಗ ಬಂದದ್ದಕ್ಕೆ ಉಳಿಯಿತು ಎಂದರು.

ಕಾರು ಮಾರಿ ಬಸ್ಸು ಹಿಡಿದೆ. ದಿನಕ್ಕೆರಡು ಸಲ ಬಸ್ಸು ಆ ಶೆಡ್ಡಿನ ಮುಂದೆಯೇ ಹೋಗುತ್ತಿತ್ತು. ಇಳಿದು ತಪ್ಪಾಯಿತು ಅನ್ನಬೇಕು ಅಂದುಕೊಳ್ಳುತ್ತಿದ್ದೆ. ನಾಚಿಕೆ ಬಿಡುತ್ತಿರಲಿಲ್ಲ. ಆಮೇಲೆ ರಸ್ತೆ ಅಗಲವಾಯಿತು, ಶೆಡ್ಡು ಹೋಯಿತು. ಆತ ಸೊಲ್ಲಾಪುರದಾಚೆಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಯಾವುದೋ ಗೋದಾಮಿನಲ್ಲಿ ವಾಯರಿಂಗ್ ಕೆಲಸಕ್ಕಿದ್ದಾನೆಂದು ಕೇಳಿದೆ. ಹೋಗೋಣ, ಹೋಗೋಣ ಅನ್ನುತ್ತಲೇ ವರ್ಷಗಳು ಸರಿದವು…

ಮೊನ್ನೆ ಅದೇ ದಿನ ಕೊನೆಗೂ ಮಗಳನ್ನು ಕರೆದುಕೊಂಡು, ಅವನ ಮನೆ ಕೇಳಿಕೊಂಡು ಕುಂಭಾರಿಗೆ ಹೋದೆ. ಬಾಗಿಲು ತೆರೆದದ್ದು ಅವನ ಹೆಂಡತಿ. ಎದೆನೋವೆಂದು ಕೂತವನು ಕೂತಲ್ಲೇ ಹೋಗಿ ಎರಡು ವರ್ಷವಾಯಿತಂತೆ. ನಾನು ಯಾರೆಂದು ಹೇಳಿದೆ.

“ವಾಗದರಿ ಮಾಸ್ತರೇನ್ರಿ? ಆ ಕಡಿ ಮಂದಿ ಯಾರ ಬಂದ್ರೂ ನಮ್ಮ ಮನಿಯವ್ರು ಅವರನ್ನ ಕೇಳ್ತಿದ್ರು ನೋಡ್ರಿ, ಮಾಸ್ತರು ಕಣ್ಣ ತೋರಿಸ್ಕೊಂಡಾರೋ ಇಲ್ಲೋ ಅಂತ.”

ತೋರಿಸಿಕೊಂಡೆನಮ್ಮಾ, ಎಂದೆ. ಆತನಿಗೆ ಹೇಳಬೇಕಾಗಿದ್ದದ್ದೂ ಅಷ್ಟೇ ಇತ್ತು.